ಹನ್ನೊಂದು ತೂತಿನ ದೋಣಿ

ಇದು ನಡೆದದ್ದು ಸಮುದ್ರಕ್ಕೆ ಇನ್ನೂ ಉಪ್ಪು ಬಿದ್ದಿರದ ಕಾಲದಲ್ಲಿ. ಸೋನಗಡಿ ರಾಜ್ಯದಲ್ಲಿ, ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ, ಮೀನುಗಾರರ ಹನ್ನೆರಡು ಮನೆಗಳಿದ್ದವು. ಅಲ್ಲೊಂದು ಪದ್ಧತಿ. ಹೊಸ ದೋಣಿಯ ತಳದಲ್ಲಿ ಮನೆಗೊಂದರಂತೆ ಕಿರುಬೆರಳಿನಷ್ಟು ತೂತು ಬಿಡುತ್ತಿದ್ದರು. ಪ್ರತಿ ಮನೆಯವರೂ ಬಂದು ತಮ್ಮ ತೂತಿಗೆ ತೆಂಗಿನ ನಾರು ತುರುಕಬೇಕು. ಒಬ್ಬರ ತೂತನ್ನು ಇನ್ನೊಬ್ಬರು ಮುಚ್ಚುವಂತಿಲ್ಲ.

ಮಂಕಾಳಿ ಎಂಬ ಹುಡುಗಿ ದೋಣಿ ಕಟ್ಟಿ, ತನ್ನ ಮನೆಯ ತೂತು ಮುಚ್ಚಿ, ಹಗ್ಗ ತರಲು ಪೇಟೆಗೆ ಹೋದಳು. ಆಗ ಧೂಮಾಕ್ಷನೆಂಬ ಮಾಂತ್ರಿಕ ಬಂದು ಊರಿನ ಮೇಲೆ ಉಸಿರು ಊದಿದ. ನಲವತ್ತು ಜನ ಅಂಗೈಯಗಲದ ಬೆಳ್ಳಿ ಮೀನುಗಳಾದರು. ಅವಳ ತಾಯಿಯೂ ಆದಳು. ಅವನು ಎಲ್ಲರನ್ನೂ ತನ್ನ ದ್ವೀಪದ ಕೊಳಕ್ಕೆ ಒಯ್ದ.

ರಾಜ ಹೋಗಿ ಬೇಡಿಕೊಂಡ. ಮಾಂತ್ರಿಕ ನಕ್ಕ.

"ಮೀನುಗಳು ಜೀವಂತವಾಗಿ ಅಳಿವೆ ಮುಟ್ಟಿದರೆ ಮತ್ತೆ ಮನುಷ್ಯರಾಗುತ್ತಾರೆ. ಮಾಯೆ ನನಗೇ ತಿರುಗುತ್ತದೆ. ಮೂರು ಸಲ ಪ್ರಯತ್ನಿಸು. ಆಮೇಲೆ ಅವು ನನ್ನ ಊಟ."

ರಾಜ ಹತ್ತು ಗೇಣು ಅಗಲದ ತೊಟ್ಟಿಯಿರುವ ದೋಣಿ ಕಳಿಸಿದ. ಮೀನು ತುಂಬಿಕೊಂಡು ಬರುವಾಗ ಅಲೆಗೆ ತೊಟ್ಟಿಯ ನೀರೆಲ್ಲ ಒಂದೇ ಕಡೆ ತುಳುಕಿ ದೋಣಿ ಮಗುಚಿತು. ಮಾಂತ್ರಿಕ ಮೀನುಗಳನ್ನು ಬಾಚಿ ಕೊಳಕ್ಕೆ ಹಾಕಿದ. ರಾಜ ನಲವತ್ತು ಗೇಣಿನ ತೊಟ್ಟಿ ಮಾಡಿಸಿ, ಮುಚ್ಚಳ ಹಾಕಿಸಿ ಹಡಗು ಕಳಿಸಿದ. ನಡುಹಗಲಿಗೆ ನಿಂತ ನೀರು ಕಾದು, ಮೀನುಗಳು ಮೇಲೆ ಬಂದು ಬಾಯಿ ತೆರೆದವು. ಹಡಗು ಅವನ್ನು ಕೊಳಕ್ಕೇ ಬಿಟ್ಟು ಬಂತು.

ಮಂಕಾಳಿ ತನ್ನ ದೋಣಿಯ ಬಳಿ ಕುಳಿತಳು. ಹನ್ನೊಂದು ತೂತು ತೆರೆದೇ ಇದ್ದವು. ಅವನ್ನು ಮುಚ್ಚುವ ಹಕ್ಕು ಅವಳಿಗಿರಲಿಲ್ಲ. ಅವುಗಳ ಸುತ್ತ ಹಲಗೆಯ ಗೋಡೆ ಕಟ್ಟಿ ತೊಟ್ಟಿ ಮಾಡಿದಳು, ಮೂರು ಗೇಣು ಅಗಲಕ್ಕೆ. ದೋಣಿ ನೀರಿಗಿಳಿಸಿದಾಗ ಸಮುದ್ರ ತೊಟ್ಟಿಯೊಳಗೆ ಬಂತು, ಹೊರಗಿನಷ್ಟೇ ಎತ್ತರಕ್ಕೆ ಏರಿತು, ನಿಂತಿತು.

"ತೊಟ್ಟಿಯಾದರೂ ದೊಡ್ಡದಿರಲಿ, ಮಗಳೇ," ಎಂದ ರಾಜ.

"ಇದು ಸಮುದ್ರಕ್ಕೇ ತೆರೆದಿದೆ, ಪ್ರಭು. ಇದಕ್ಕಿಂತ ದೊಡ್ಡದನ್ನು ಎಲ್ಲಿಂದ ತರಲಿ?"

ನಲವತ್ತು ಮೀನು ತುಂಬಿಕೊಂಡು ಅವಳು ಹೊರಟಳು. ಮಾಂತ್ರಿಕ ಅಲೆಗಳ ಮೇಲೆ ನಡೆಯುತ್ತ ಹಿಂದೆ ಬಂದ. ಬೆಟ್ಟದಂಥ ಅಲೆ ಎಬ್ಬಿಸಿದ. ಪುಟ್ಟ ತೊಟ್ಟಿಯಲ್ಲಿ ತುಳುಕಲು ಹೆಚ್ಚು ನೀರಿರಲಿಲ್ಲ. ಸೂರ್ಯನನ್ನು ಕೈಯಳತೆಗೆ ಇಳಿಸಿದ. ಅವಳು ಹುಟ್ಟು ಹಾಕಿದಷ್ಟೂ ತೂತುಗಳಿಂದ ತಣ್ಣನೆ ನೀರು ಬಂದು ಹೋಯಿತು. ಕೊನೆಗೆ ಅವನು ಅವಳ ತಾಯಿಯ ದನಿಯಲ್ಲಿ ಕರೆದ.

"ಮಗಾ, ಉಸಿರು ಕಟ್ಟುತ್ತಿದೆ. ತೂತು ಮುಚ್ಚೇ."

ಅವಳ ಕೈ ನಾರಿನವರೆಗೆ ಹೋಗಿ ನಿಂತಿತು.

"ಬೇರೆ ಮನೆಯ ತೂತು ಮುಚ್ಚು ಅಂತ ನಮ್ಮಮ್ಮ ಹೇಳುವುದಿಲ್ಲ," ಎಂದಳು. ಹುಟ್ಟು ಹಾಕಿದಳು.

ದೋಣಿ ಅಳಿವೆ ಮುಟ್ಟಿತು. ಮೂರು ಗೇಣಿನ ತೊಟ್ಟಿಯಿಂದ ಜನ ಒಬ್ಬೊಬ್ಬರಾಗಿ ಎದ್ದು ಬಂದರು. ಮುದುಕರು ಬಂದರು, ಬಾಣಂತಿ ಕೂಸಿನೊಡನೆ ಬಂದಳು. ಕೊನೆಗೆ ತಾಯಿ ಎದ್ದು, ಒದ್ದೆ ಕೂದಲು ಹಿಂಡಿಕೊಂಡು, ಮಗಳ ಅಂಗೈಯ ಬೊಬ್ಬೆಗಳನ್ನು ನೋಡಿದಳು.

ಅಲೆಯ ಮೇಲಿದ್ದ ಮಾಂತ್ರಿಕ ಕುಗ್ಗುತ್ತ ಕುಗ್ಗುತ್ತ ಕಪ್ಪು ಮೀನಾದ. ರಾಜ ಅವನನ್ನು ಬಲೆಯಲ್ಲಿ ಎತ್ತಿ ತನ್ನ ಹಡಗಿನ ತೊಟ್ಟಿಗೆ ಹಾಕಿಸಿದ. ಹನ್ನೆರಡು ಮನೆಗಳಲ್ಲೂ ಒಲೆ ಉರಿಯಿತು, ಎಲ್ಲರೂ ಸುಖವಾಗಿ ಬಾಳಿದರು.

ರಾಜನ ತೊಟ್ಟಿಯ ಅಗಲ ನಲವತ್ತು ಗೇಣು. ಅದರಲ್ಲಿದ್ದ ಮೀನು ಒಂದು.