ಫಲಸೂಚಿಯ ‘ಇಲ್ಲ’

ಫಲಸೂಚಿಗೆ ಬೇಕಾದದ್ದು ಒಂದೇ ಹನಿ ರಕ್ತ. ಸಿಂಚನಾಳ ಬೆರಳ ತುದಿಯಿಂದ ಅದನ್ನು ಹೀರಿಕೊಂಡು ಅಂಗೈಯಗಲದ ಆ ಯಂತ್ರ ಏಳು ನಿಮಿಷ ಗುಂಯ್‌ಗುಟ್ಟಿತು. ರಾಣೆಬೆನ್ನೂರಿನ ಹೊರಗಿದ್ದ ಯಕೃತ್ ಚಿಕಿತ್ಸಾ ಕೇಂದ್ರದ ಬೆಂಚಿನ ಮೇಲೆ ಕೂತಿದ್ದ ಅವಳ ತಾಯಿ ಫಕ್ಕೀರವ್ವ, ಆ ಏಳು ನಿಮಿಷವೂ ಯಂತ್ರವನ್ನು ದುರುಗುಟ್ಟಿ ನೋಡುತ್ತಿದ್ದಳು. ಕೊನೆಗೆ ಪರದೆಯ ಮೇಲೆ ಒಂದೇ ಮಾತು ಮೂಡಿತು: ಇಲ್ಲ.

“ಮುಂದಿನವರು ಬರ್ರಿ,” ಅಂದಳು ನರ್ಸ್, ತಲೆ ಎತ್ತದೆ.

“ಮುಂದಿನವರು ಆಮ್ಯಾಲೆ ಬರ್ಲಿ. ಇಲ್ಲ ಅಂದ್ರ ಏನಿಲ್ಲ?” ಅಂದಳು ಫಕ್ಕೀರವ್ವ.

“ಇವ್ರಿಗೆ ಇಂಜೆಕ್ಷನ್ ನಾಟೋದಿಲ್ಲ ಅಂತ. ನಾಟಲಾರದವರಿಗೆ ಕೊಡೋದಿಲ್ರಿ. ರೂಲ್ಸ್ ಐತಿ.”

“ಕೊಟ್ಟು ನೋಡಿ ಹೇಳಾಕತ್ತೀರೋ, ಕೊಡಲಾರದನ ಹೇಳಾಕತ್ತೀರೋ?”

ನರ್ಸ್ ಹೊಸ ಸೂಜಿಯ ಪೊಟ್ಟಣ ಬಿಚ್ಚಿದಳು.

ಅದು ೨೦೫೬ನೇ ಇಸವಿ. ಹೆಪಟೈಟಿಸ್ ಬಿ ಅನ್ನುವ ವೈರಸ್ಸು ಯಕೃತ್ತಿನ, ಅಂದರೆ ಪಿತ್ತಜನಕಾಂಗದ, ಜೀವಕೋಶಗಳ ಒಳಮನೆಗೇ ಹೊಕ್ಕು ಉಂಗುರದ ಹಾಗೆ ಸುತ್ತಿಕೊಂಡು ಕೂರುತ್ತದೆ. ಹಳೆಯ ಮಾತ್ರೆಗಳು ಅದನ್ನು ಅದುಮಿ ಇಡುತ್ತಿದ್ದವೇ ಹೊರತು ಹೊರಗೆ ಹಾಕುತ್ತಿರಲಿಲ್ಲ. ಆ ಉಂಗುರವನ್ನೇ ಕತ್ತರಿಸುವ ಚುಚ್ಚುಮದ್ದು ಬಂದು ಎಂಟು ವರ್ಷವಾಗಿತ್ತು. ಆದರೆ ಅದು ಎಲ್ಲರಿಗೂ ಸಾಲುವಷ್ಟು ತಯಾರಾಗುತ್ತಿರಲಿಲ್ಲ, ಎಲ್ಲರ ಮೈಗೂ ನಾಟುತ್ತಿರಲಿಲ್ಲ. ಅದಕ್ಕಾಗಿ ಡಾ. ಸುಹಾಸ ಮರವಂತೆ ಎಂಬ ವಿಜ್ಞಾನಿ ಫಲಸೂಚಿಯನ್ನು ಕಟ್ಟಿದ್ದರು. ರಕ್ತದಲ್ಲಿ ತೇಲುವ ಮೂವತ್ತೊಂದು ಸೂಚಕಗಳನ್ನು, ಎಂದರೆ ವೈರಸ್ಸಿನ ಚೂರುಪಾರು, ನೊಂದ ಯಕೃತ್ತಿನಿಂದ ಸೋರುವ ಪ್ರೋಟೀನು ಇಂಥವನ್ನೆಲ್ಲ ಅಳೆದು, ಮದ್ದು ಯಾರಿಗೆ ಫಲಿಸುತ್ತದೆ ಯಾರಿಗಿಲ್ಲ ಎಂದು ಅದು ಮೊದಲೇ ಹೇಳಿಬಿಡುತ್ತಿತ್ತು. ಸರ್ಕಾರ ಅದನ್ನು ಕಣ್ಣಿಗೊತ್ತಿಕೊಂಡು ತಂದು ಕೇಂದ್ರ ಕೇಂದ್ರದಲ್ಲೂ ಕೂರಿಸಿತು.

ಹಿಂದಿನ ವರ್ಷ ಇದೇ ಯಂತ್ರ ಫಕ್ಕೀರವ್ವನಿಗೆ ‘ಹೌದು’ ಅಂದಿತ್ತು. ಅವಳು ಚುಚ್ಚಿಸಿಕೊಂಡು ಪೂರ್ತಿ ವಾಸಿಯೂ ಆಗಿದ್ದಳು. ಮಗಳಿಗೆ ವೈರಸ್ಸು ಬಂದದ್ದು ತಾಯಿಯಿಂದ, ಹುಟ್ಟುವಾಗಲೇ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಟ್ರಾಕ್ಟರಿನಲ್ಲೇ ಹೆರಿಗೆಯಾಗಿ, ಹುಟ್ಟಿದ ದಿನವೇ ಹಾಕಬೇಕಾದ ಲಸಿಕೆಯನ್ನು ಐದನೇ ದಿನ ಹಾಕಿದ್ದರು. ಈಗ ಸಿಂಚನಾಳಿಗೆ ಇಪ್ಪತ್ತೇಳು. ಹಳೆಯ ಮಾತ್ರೆ ಅವಳ ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟದ್ದರಿಂದ ನಿಲ್ಲಿಸಿದ್ದರು. ಯಕೃತ್ತು ಅಂಚಿನಿಂದ ಗಟ್ಟಿಯಾಗತೊಡಗಿತ್ತು, ಮೂರು ನಾಲ್ಕು ವರ್ಷ ತಡೆದೀತು ಎಂದಿದ್ದರು ಡಾಕ್ಟರು. ತಾನು ಕೊಟ್ಟ ರೋಗ ತನಗೆ ವಾಸಿಯಾಗಿ ಮಗಳಿಗೆ ಉಳಿದರೆ ಯಾವ ತಾಯಿ ನುಂಗಿಕೊಂಡಾಳು? ಫಕ್ಕೀರವ್ವ ಅಂತೂ ನುಂಗಿಕೊಳ್ಳುವ ಪೈಕಿಯಲ್ಲ. ಮೇಲಿನವರಿಗೆ ಒಂದರ ಮೇಲೊಂದು ಅರ್ಜಿ ಬರೆದಳು. ಆರನೇ ಅರ್ಜಿಗೆ ಮರವಂತೆಯವರೇ ಬಂದು ಆಕ್ಷೇಪಣೆ ಕೇಳುತ್ತಾರೆ ಎಂದು ಓಲೆ ಬಂತು.

ಮರವಂತೆ ಸಭ್ಯರು, ಆದರೆ ತಾಳ್ಮೆ ಕಮ್ಮಿ. ಕುರ್ಚಿಯ ತುದಿಯಲ್ಲಿ ಕೂತೇ ಮಾತು ಶುರು ಮಾಡಿದರು.

“ನೋಡಿ ಅಮ್ಮಾ, ಇದರಲ್ಲಿ ಯಂತ್ರದ ತಪ್ಪಿಲ್ಲ. ನಿಮ್ಮ ಮಗಳ ರಕ್ತ ಇರೋದೇ ಹಾಗೆ. ಫಲಸೂಚಿ ನೂರಕ್ಕೆ ತೊಂಬತ್ತೊಂಬತ್ತು ಸರಿ ಹೇಳುತ್ತೆ. ಶುರುವಿನಲ್ಲಿ ತೊಂಬತ್ತಿತ್ತು. ವರ್ಷವರ್ಷವೂ ತಾನೇ ಕಲಿತು ಚುರುಕಾಗಿದೆ.”

“ಅದಕ್ಕ ಕಲಿಸೋರು ಯಾರ್ರಿ?”

“ರೋಗಿಗಳ ದಾಖಲೆ. ಹೌದು ಅಂದವರು ಗುಣ ಆದರೆ ಅದು ಹೇಳಿದ್ದು ಸರಿ. ಇಲ್ಲ ಅಂದವರು ಗುಣ ಆಗದಿದ್ದರೆ ಅದೂ ಸರಿ.”

“ಇಲ್ಲ ಅಂದವರಿಗೆ ಮದ್ದು ಕೊಟ್ಟಿದ್ರೇನು?”

“ಹೇಗೆ ಕೊಡೋದು? ಇಲ್ಲ ಅಂದಿದೆಯಲ್ಲ.”

“ಮದ್ದು ಕೊಡಲಿಲ್ಲ, ಹಂಗಾಗಿ ಗುಣ ಆಗಲಿಲ್ಲ. ಅದನ್ನ ನಿಮ್ಮ ಯಂತ್ರದ ಶ್ಯಾಣ್ಯಾತನ ಅಂತ ಬರಕೊಂಡ್ರಿ. ಭಾಳ ಛಲೋ ಆತು.”

“ಅವ್ವಾ, ಸಾಕು ಬಿಡು,” ಅಂದಳು ಸಿಂಚನಾ, ಪಕ್ಕದಲ್ಲಿ ತಲೆ ತಗ್ಗಿಸಿಕೊಂಡು.

ಮರವಂತೆಯವರ ಮುಖ ಕೆಂಪಗಾಯಿತು. “ಇಪ್ಪತ್ತು ವರ್ಷ ಇದರಲ್ಲೇ ತಲೆ ಸವೆಸಿದ್ದೀನಿ. ನನಗೆ ಪಾಠ ಹೇಳೋಕೆ ಬಂದಿದ್ದೀರಾ? ಅಷ್ಟಕ್ಕೂ ನೀವು ಏನು ಕೆಲಸ ಮಾಡೋದು?”

“ಬೀಜ ಎಣಸ್ತೀನಿ.”

ಸುಳ್ಳಲ್ಲ. ಊರ ತುಂಬ ಬೀಜದ ಕಂಪನಿಗಳು. ಅವುಗಳಲ್ಲೊಂದರ ಮೊಳಕೆ ಪರೀಕ್ಷೆಯ ಕೋಣೆಯಲ್ಲಿ ಅವಳು ಮೂವತ್ತು ವರ್ಷ ಕಳೆದಿದ್ದಳು. ಚೆಂದದ ಕಾಳನ್ನೇ ಆರಿಸಿ ತಂದು ಇದನ್ನೇ ಪರೀಕ್ಷೆಗೆ ಇಡು ಎಂದ ಏಜೆಂಟರನ್ನು ಬೈದು ಅಟ್ಟಿದ್ದಕ್ಕೆ ಲೆಕ್ಕವಿಲ್ಲ.

“ನಮ್ಮಲ್ಲೂ ಯಂತ್ರ ಐತ್ರಿ,” ಅಂದಳು. “ಬೆಳಕ ಬಿಟ್ಟು ನೋಡಿ ಈ ಕಾಳು ಜೀವಂತ ಐತಿ, ಈ ಕಾಳು ಸತ್ತೈತಿ ಅಂತ ಎರಡು ರಾಶಿ ಮಾಡ್ತೈತಿ. ಆ ಸತ್ತ ರಾಶಿಯಿಂದನೂ ವಾರಕ್ಕೊಮ್ಮೆ ನಾನೂರು ಕಾಳು ತಗದು ಒದ್ದಿ ಕಾಗದದಾಗ ಸುತ್ತಿ ಇಡ್ತೀನಿ. ಏಳು ದಿನಕ್ಕ ಬಿಚ್ಚಿ ಎಷ್ಟು ಮೊಳಕಿ ಒಡದಾವ ಅಂತ ಎಣಸ್ತೀನಿ. ಹಂಗ ಮಾಡ್ಲಿಲ್ಲಂದ್ರ ಯಂತ್ರ ಖರೆ ಹೇಳಾಕತ್ತೈತೋ ಸುಳ್ಳು ಹೇಳಾಕತ್ತೈತೋ ಯಾರಿಗೆ ಗೊತ್ತಾಗಬೇಕು? ನಿಮ್ಮ ಆ ರಾಶಿಯಾಗಿಂದ ಎಷ್ಟು ಮಂದಿನ್ನ ತಗದು ನೋಡೀರಿ, ಅಷ್ಟು ಹೇಳ್ರಿ.”

ಮೊದಲ ಪ್ರಯೋಗದಲ್ಲಿ ಎಲ್ಲರಿಗೂ ಮದ್ದು ಕೊಟ್ಟಿದ್ದೆವು, ಆಗ ‘ಇಲ್ಲ’ ಗುಂಪಿನಲ್ಲಿ ನೂರಕ್ಕೆ ಹತ್ತು ಮಂದಿ ಮಾತ್ರ ವಾಸಿಯಾದರು ಎಂದು ಮರವಂತೆ ಗೊಣಗಿದರು. ಆಮೇಲಿನ ವರ್ಷಗಳ ಲೆಕ್ಕವನ್ನು ಕೈಯಲ್ಲಿದ್ದ ಡಿಜಿಟಲ್ ಫಲಕದಲ್ಲಿ ಹುಡುಕಿದರು. ಅಲ್ಲಿ ಸೊನ್ನೆಯಿತ್ತು. ಯಂತ್ರ ಕೇಂದ್ರಗಳಿಗೆ ಬಂದ ಆರು ವರ್ಷದಲ್ಲಿ ‘ಇಲ್ಲ’ ಎನಿಸಿಕೊಂಡ ಒಬ್ಬರಿಗೂ ಮದ್ದು ಕೊಟ್ಟು ನೋಡಿರಲಿಲ್ಲ.

“ಮೊದಲ ವರ್ಷ ನೂರರಾಗ ಎಷ್ಟು ಮಂದಿಗೆ ಇಲ್ಲ ಅಂತಿತ್ತು?”

“ಹದಿನೆಂಟು.”

“ಈಗ?”

“ನಲವತ್ತು.” ಅದನ್ನು ಅವರು ಎಲ್ಲ ಭಾಷಣಗಳಲ್ಲೂ ಮದ್ದಿನ ಉಳಿತಾಯ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಈಗ ಫಲಕವನ್ನು ಚೀಲಕ್ಕೆ ತುರುಕಿದರು. “ಸಭೆ ಮುಗೀತು” ಎಂದು ಎದ್ದು, ನಮಸ್ಕಾರಕ್ಕೂ ನಿಲ್ಲದೆ ಹೊರಟುಹೋದರು.

ಆದರೆ ಆ ಸೊನ್ನೆ ಅವರ ಬೆನ್ನು ಬಿಡಲಿಲ್ಲ. ತಾನು ಕೈ ತಡೆದದ್ದರ ಫಲವನ್ನೇ ಯಂತ್ರ ತನ್ನ ಗೆಲುವೆಂದು ಬರೆದುಕೊಳ್ಳುತ್ತ, ಅದರಿಂದಲೇ ಕಲಿತು, ಇನ್ನಷ್ಟು ಮಂದಿಗೆ ಇಲ್ಲ ಅನ್ನುತ್ತ ಬಂದಿತ್ತು. ಎಲ್ಲಿಯೂ ಯಾರೂ ಸುಳ್ಳು ಹೇಳಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ಅವರಿಗೆ ಎರಡು ತಿಂಗಳು ಬೇಕಾಯಿತು, ಸರ್ಕಾರವನ್ನು ಒಪ್ಪಿಸಲು ಇನ್ನೂ ನಾಲ್ಕು. ಕೊನೆಗೆ ‘ಇಲ್ಲ’ ಎನಿಸಿಕೊಂಡ ನಾನೂರು ಮಂದಿಯನ್ನು ಕೂಡಿಸಿ, ಚೀಟಿ ಎತ್ತಿ, ಅರ್ಧ ಜನಕ್ಕೆ ಮದ್ದು ಕೊಟ್ಟು ಅರ್ಧ ಜನಕ್ಕೆ ಕೊಡದೆ ನೋಡುವುದೆಂದು ನಿಶ್ಚಯವಾಯಿತು.

ಚೀಟಿ ಎತ್ತುವ ಹಿಂದಿನ ದಿನ ಮರವಂತೆಯವರ ಫೋನು ಬಂತು. “ನಿಮ್ಮ ಮಗಳನ್ನು ಮದ್ದು ಸಿಗುವ ಕಡೆಗೆ ಹಾಕಿಬಿಡ್ತೀನಿ. ನಾನಷ್ಟು ಮಾಡಬಹುದು. ಯಾರಿಗೂ ಗೊತ್ತಾಗಲ್ಲ.”

“ಹಾಕ್ರಿ,” ಅಂದಳು ಫಕ್ಕೀರವ್ವ, ಎರಡನೇ ಮಾತಿಲ್ಲದೆ. ನಾಚಿಕೆ ಗೀಚಿಕೆ ಏನೂ ಆಗಲಿಲ್ಲ ಅವಳಿಗೆ. ಮಗಳು ಬದುಕಬೇಕಿತ್ತು, ಅಷ್ಟೇ.

ಸಿಂಚನಾ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಬಂದು ಫೋನು ಕಸಿದುಕೊಂಡಳು. “ಬ್ಯಾಡ್ರಿ ಸರ. ನನ್ನ ಹೆಸರೂ ಎಲ್ಲಾರ ಜೋಡಿ ಚೀಟಿಯಾಗ ಇರ್ಲಿ.”

“ಹುಚ್ಚು ಹಿಡದೈತೇನು ನಿನಗ? ಸಾಯ್ತೀ ನೀನು,” ಅಂದಳು ತಾಯಿ.

“ಒಬ್ಬಾಕಿನ್ನ ಆರಿಸಿ ಹಾಕಿದ್ದು ನಾಳೆ ಹೊರಗ ಬಿದ್ರ, ಇಡೀ ಪರೀಕ್ಷೆನ ಸುಳ್ಳು ಅಂತ ಎತ್ತಿ ಒಗೀತಾರ. ಆವಾಗ ನನಗೂ ಇಲ್ಲ, ಯಾರಿಗೂ ಇಲ್ಲ. ಏಜೆಂಟರಿಗೆ ನೀನ ಹಿಂಗ ಬೈತಿದ್ದಿ ಅಲ್ಲ?”

“ಅವು ಕಾಳಿದ್ವು. ನೀ ನನ್ನ ಮಗಳು.”

“ಉಳಿದ ಮುನ್ನೂರಾ ತೊಂಬತ್ತೊಂಬತ್ತು ಮಂದಿನೂ ಯಾರದೋ ಮಕ್ಕಳ ಅದಾರ.”

ಚೀಟಿಯಲ್ಲಿ ಸಿಂಚನಾಳಿಗೆ ಮದ್ದಿಲ್ಲದ ಪಾಲು ಬಂತು. ಹನ್ನೊಂದು ದಿನ ಫಕ್ಕೀರವ್ವ ಮಗಳ ಜೊತೆ ಮಾತಾಡಲಿಲ್ಲ. ತಟ್ಟೆಯನ್ನು ಎದುರಿಗೆ ಕುಕ್ಕಿ ಒಳಗೆ ಹೋಗುತ್ತಿದ್ದಳು. ಹನ್ನೆರಡನೇ ದಿನ ಸಿಂಚನಾಳ ಕಾಲು ಬಾತದ್ದು ಕಂಡು, ಅದೇ ಸಿಟ್ಟಿನಲ್ಲೇ ಕೂತು ಒತ್ತಿದಳು.

ಎರಡು ವರ್ಷ ಕಳೆಯಿತು. ಮದ್ದು ಪಡೆದ ಇನ್ನೂರು ಮಂದಿಯಲ್ಲಿ ಐವತ್ತೇಳು ಜನ ಪೂರ್ತಿ ವಾಸಿಯಾದರು. ಪಡೆಯದ ಇನ್ನೂರರಲ್ಲಿ ಒಬ್ಬರೂ ಇಲ್ಲ. ಸರ್ಕಾರ ಫಲಸೂಚಿಗಳನ್ನು ತೆಗೆಸಿತು. ಯಾರ ಯಕೃತ್ತು ಹೆಚ್ಚು ಕೆಟ್ಟಿದೆಯೋ ಅವರಿಗೆ ಮೊದಲು ಮದ್ದು ಎಂದು ಹೊಸ ನಿಯಮ ಬಂತು. ಸಿಂಚನಾಳ ಸರದಿ ಬೇಗನೇ ಬಂತು. ಅವಳ ಯಕೃತ್ತು ಅಷ್ಟು ಕೆಟ್ಟಿತ್ತು.

ಮೊದಲ ಚುಚ್ಚುಮದ್ದಿನ ದಿನ ಮರವಂತೆ ತಾವಾಗಿ ಬಂದಿದ್ದರು. ವೈರಸ್ಸು ಹೋದರೂ ಗಟ್ಟಿಯಾದ ಭಾಗ ಮೆತ್ತಗಾಗುವುದು ಕಷ್ಟ, ಮದ್ದು ನಾಟಿತೋ ಇಲ್ಲವೋ ತಿಳಿಯಲು ವರ್ಷ ಬೇಕು ಎಂದು ಮುಚ್ಚಿಡದೆ ಹೇಳಿದರು. ಮಗಳು ಒಳಗೆ ಹೋದ ಮೇಲೆ ಫಕ್ಕೀರವ್ವ ಕೇಳಿದಳು, “ಈ ರಾಜ್ಯದಾಗ ಒಟ್ಟು ಎಷ್ಟು ಮಂದಿಗೆ ಇಲ್ಲ ಅಂದಿತ್ರಿ ಅದು?”

“ನಲವತ್ತೊಂದು ಸಾವಿರ.”

ಅವಳು ಬೆರಳು ಮಡಚಿ ಎಣಿಸಿದಳು. “ಇನ್ನೂರಕ್ಕ ಐವತ್ತೇಳು ಅಂದ್ರ, ಹನ್ನೊಂದು ಸಾವಿರದ ಮ್ಯಾಲೆ ಮಂದಿ ಉಳೀತಿದ್ರು. ಅವರಾಗ ಸತ್ತವರ ಮನಿಗೆ ಹೋಗಿ ಇದನ್ನ ಹೇಳೋರು ಯಾರು? ನೀವು ಹೋಗ್ತೀರೇನು?”

ಮರವಂತೆ ಫಲಕದಲ್ಲಿ ತಾವೂ ಗುಣಿಸಿ ನೋಡಿದರು. ಅವಳ ಲೆಕ್ಕ ಸರಿಯಿತ್ತು. “ಇಷ್ಟು ದೊಡ್ಡ ತಪ್ಪು ನಮ್ಮಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ,” ಅಂದರು. “ನೀವು ಎಲ್ಲೀವರೆಗೆ ಓದಿದ್ದೀರಿ?”

“ಏಳನೇತ್ತೆ. ಎರಡ ಸಾವಿರದ ಹದಿನೇಳರಾಗ ನಮ್ಮಪ್ಪ ಸಾಲಿ ಬಿಡಿಸಿದ. ಈ ಹುಡುಗಿಗೆ ಲೆಕ್ಕ ತಲಿಗೆ ಹತ್ತೋದಿಲ್ಲ ಅಂದ. ಮಾಸ್ತರೂ ಹೂಂ ಅಂದ್ರು, ಊರವರೂ ಹೂಂ ಅಂದ್ರು. ಆಮ್ಯಾಲೆ ಅಂವ ಸಾಯೋತನಕ ಬಂದವರಿಗೆಲ್ಲಾ ಹೇಳ್ತಿದ್ದ, ನಾ ಅವಾಗ ಅಂದಿದ್ದೆ ನೋಡ್ರಿ, ಇಕಿ ಏಳನೇತ್ತೆ ದಾಟಲೇ ಇಲ್ಲ ಅಂತ.”