ದಿಂಬಿನೊಳಗಿನ ಗರಿಗಳು

"ಸಾಲಲ್ಲ ಅಜ್ಜಿ! ಹೇಗೆ ಜೋಡಿಸಿದ್ರೂ ರಟ್ಟು ಕಾಣತ್ತೆ!"

ಅವನಿ ಮುಖ ಊದಿಸಿಕೊಂಡು ಕೂತಳು. ಮೇಜಿನ ಮೇಲೆ ರಟ್ಟಿನ ಗುರಾಣಿ, ಅದರ ಪಕ್ಕ ಒಂದೇ ಒಂದು ಹಿಡಿ ಹಸಿರು ಗರಿ. ಅವರು ನೆಲೆಸಿದ್ದ ಪರದೇಶದ ಊರು ಸ್ಯಾಂಡ್‌ವಿಕೆನ್‌ನಲ್ಲಿ ಈಸ್ಟರ್ ಬಂದರೆ ಮನೆಮನೆಯಲ್ಲೂ ಮರದ ಕಡ್ಡಿಗಳಿಗೆ ಬಣ್ಣದ ಗರಿ ಕಟ್ಟುತ್ತಾರೆ. ಹಬ್ಬ ಮುಗಿದ ಮೇಲೆ ಹಸಿರು ಗರಿಗಳನ್ನು ಬಿಚ್ಚಿ ಅವನಿ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದಳು. ಈಗ ಅಂಗಡಿಯಲ್ಲಿ ಗರಿಯೇ ಇಲ್ಲ. ನಾಳೆಯೇ ಶಾಲೆಯಲ್ಲಿ ಪ್ರದರ್ಶನ!

"ಯಾರದಮ್ಮಾ ಈ ಗುರಾಣಿ?" ಎಂದರು ಸರಸ್ವತಿ ಅಜ್ಜಿ. ಅವರು ದಾವಣಗೆರೆಯಿಂದ ಬಂದು ತಿಂಗಳಾಗಿತ್ತು.

"ಅಜ್ಟೆಕ್ ಜನರದ್ದು ಅಜ್ಜಿ. ತುಂಬಾ ಹಿಂದೆ ಮೆಕ್ಸಿಕೋದಲ್ಲಿದ್ರು. ಗರಿ ಅಂಟಿಸಿಯೇ ಚಿತ್ರ ಮಾಡ್ತಿದ್ರು, ಸೂಪರ್ ಅಲ್ವಾ? ಕೆಳಗೆ ಸಾದಾ ಗರಿ, ಮೇಲೆ ಮಾತ್ರ ಅಪರೂಪದ ಹಸಿರು ಗರಿ. ಲೇನಾ ಟೀಚರ್ ಹೇಳಿದ್ರು. ನನ್ ಹತ್ರ ಸಾದಾ ಗರಿನೂ ಇಲ್ವಲ್ಲ!"

ಅಜ್ಜಿ ಒಳಗೆ ಹೋಗಿ ತಮ್ಮ ದಿಂಬು ತಂದರು. ಜೊತೆಗೆ ಕತ್ತರಿ.

"ಇದ್ರೊಳಗೆ ಗರಿ ಇದೆ ಅಂತ ನಿಮ್ಮಮ್ಮ ಹೇಳಿದ್ಲು."

"ಬೇಡ! ಈ ದಿಂಬು ಬಂದ್ಮೇಲೆ ಕತ್ತು ನೋವೇ ಇಲ್ಲ ಅಂತಿದ್ದೆ ನೀನು!"

"ಸುಮ್ನಿರೇ" ಎನ್ನುತ್ತಲೇ ಅಜ್ಜಿ ಕರಕರ ಕತ್ತರಿಸಿಬಿಟ್ಟರು. ಬಿಳಿ ಗರಿಗಳು ಕೋಣೆಯ ತುಂಬ ಹಾರಾಡಿದವು. ಅಮ್ಮ ಓಡಿ ಬಂದು, "ಏನಿದು, ಮನೆಯೊಳಗೇ ಸ್ನೋ ಬಿತ್ತಾ?" ಎಂದು ಕಣ್ಣು ಕಣ್ಣು ಬಿಟ್ಟಳು. ಆಮೇಲೆ ನಗುತ್ತ ಮೈದಾ ಅಂಟು ಕಾಯಿಸಿಕೊಟ್ಟಳು.

ಅಜ್ಜಿ ನಡುವಿನಿಂದ ಅಂಟಿಸಹೊರಟರು.

"ಹಾಗಲ್ಲ ಅಜ್ಜಿ, ಅಂಚಿಂದ ಶುರು ಮಾಡ್ಬೇಕು. ಆಗ ಮೇಲಿನ ಸಾಲು ಕೆಳಗಿನ ಸಾಲಿನ ಬುಡ ಮುಚ್ಚತ್ತೆ."

"ಓ, ಹೆಂಚು ಹೊದಿಸಿದ ಹಾಗೆ!" ಅಜ್ಜಿ ಖುಷಿಯಾದರು.

ಬಿಳಿಯ ಮೇಲೆ ಹಸಿರು ಕೂತಿತು. ಗುರಾಣಿ ತುಂಬಿಕೊಂಡಿತು.

ಮರುದಿನ ಗೆಳತಿಯರೆಲ್ಲ "ಎಷ್ಟು ಚಂದದ ಹಸಿರು!" ಎಂದು ಮುತ್ತಿಕೊಂಡರು. ಅವನಿ ಒಂದು ಹಸಿರು ಗರಿಯ ತುದಿಯನ್ನು ಮೆಲ್ಲಗೆ ಎತ್ತಿ ಅಡಿಯ ಬಿಳಿ ಗರಿಗಳನ್ನು ತೋರಿಸಿದಳು.

"ಇಲ್ಲಿ ನೋಡಿ. ಇವು ನಮ್ಮಜ್ಜಿಯವು."

ಮನೆಗೆ ಬಂದಾಗ ಅಜ್ಜಿ ಸೋಫಾದ ಮೇಲೆ ಮಲಗಿದ್ದರು. ತಲೆಯಡಿಯಲ್ಲಿ ಮಡಿಸಿದ ಶಾಲು. ನಿದ್ದೆಯಲ್ಲೂ ಒಂದು ಕೈ ಕತ್ತನ್ನು ಒತ್ತಿಕೊಂಡಿತ್ತು.

ಅವನಿ ತನ್ನ ದಿಂಬು ತಂದು ಶಾಲಿನ ಜಾಗದಲ್ಲಿ ಸರಿಸಿದಳು.

"ನಿನಗೇನೇ?" ಅಜ್ಜಿ ಅರೆಗಣ್ಣು ತೆರೆದರು.

"ನಂಗೆ ಶಾಲು ಇದ್ಯಲ್ಲ!"

ಅಜ್ಜಿಯ ತುರುಬಿನಲ್ಲಿ ಇನ್ನೂ ಒಂದು ಬಿಳಿ ಗರಿ ಸಿಕ್ಕಿಕೊಂಡಿತ್ತು. ಅವನಿ ಅದನ್ನು ಹುಷಾರಾಗಿ ಬಿಡಿಸಿದಳು. ಹಸಿರು ಗರಿಗಳನ್ನಿಟ್ಟಿದ್ದ ಡಬ್ಬಿ ಈಗ ಖಾಲಿಯಿತ್ತು. ಅದರಲ್ಲಿ ಆ ಗರಿಯನ್ನಿಟ್ಟು ಮುಚ್ಚಳ ಹಾಕಿದಳು.