ಹೆಬ್ಬೆರಳಿನ ಬಟನ್

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಎಸ್ಟೇಟ್ ಮ್ಯಾನೇಜರ್ ಪ್ರದೀಪ್ ಠಾಣೆಗೆ ಬಂದು ದೂರು ಕೊಟ್ಟರು. ‘ಆನೆ ಬಂದಿದೆ, ತೋಟಕ್ಕೆ ಇಳಿಯಬೇಡಿ’ ಎಂದು ಯಾರೋ ಆಳುಗಳ ಮೊಬೈಲಿಗೆ ಸುಳ್ಳು ಸಂದೇಶ ಕಳಿಸುತ್ತಿದ್ದಾರೆ, ಕಾಫಿ ಹಣ್ಣು ಕೊಯ್ಯುವವರಿಲ್ಲದೆ ಉದುರುತ್ತಿದೆ. ಸಂದೇಶವೆಲ್ಲ ಹೋಗಿದ್ದು ಆಫೀಸಿನ ನೇತ್ರಾವತಿಯ ಲಾಗಿನ್‌ನಿಂದ.

"ಅವಳನ್ನ ಇವತ್ತೇ ಕೆಲಸದಿಂದ ತೆಗೀತೀನಿ ಮೇಡಂ."

ಎಫ್‌ಐಆರ್ ದಾಖಲಿಸಿಕೊಂಡು ಪಿಎಸ್‌ಐ ಧನುಶ್ರೀ, ಹೆಡ್ ಕಾನ್‌ಸ್ಟೇಬಲ್ ಶಾಂತಮಲ್ಲಪ್ಪನ ಜತೆ ಜೀಪು ಹತ್ತಿದರು.

ಆಫೀಸಿನಲ್ಲಿದ್ದದ್ದು ಒಂದೇ ಕಂಪ್ಯೂಟರ್, ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದು. ನೇತ್ರಾವತಿ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು.

"ಬೆಳಿಗ್ಗೆ ಲಾಗಿನ್ ಮಾಡಿ ಎಲ್ಲಿಗೆ ಹೋಗ್ತೀಯಮ್ಮ?"

"ಹಾಜರಿ ಕೂಗೋಕೆ ಆಳುಗಳ ಮನೆ ಲೈನಿಗೆ ಮೇಡಂ. ಆಗ ತೋಟದ ಲೆಕ್ಕ ಬರೆಯೋ ರೈಟರ್ ರಾಜಶೇಖರಣ್ಣ ಕೂತಿರ್ತಾರೆ."

"ಅವನು ಕೀಬೋರ್ಡ್ ಮುಟ್ಟಲ್ಲ," ಪ್ರದೀಪ್ ನಡುವೆ ಬಾಯಿ ಹಾಕಿದರು. "ನಾನು ಎದುರಿಗೇ ಇರ್ತೀನಿ. ಬರೀ ಮೌಸ್ ಹಿಡ್ಕೊಂಡು ಹವಾಮಾನ ನೋಡ್ತಾನೆ."

ಬರೀ ಮೌಸ್! ಧನುಶ್ರೀಗೆ ಆ ಮಾತಲ್ಲೇ ಸುಳಿವು ಸಿಕ್ಕಿತು. ಮೌಸಿನ ಎಡ ಪಕ್ಕದಲ್ಲಿ ಎರಡು ಹೆಚ್ಚಿನ ಬಟನ್ ಇದ್ದವು. ನೇತ್ರಾವತಿಯನ್ನು ಕೂರಿಸಿದರೆ, ಅವಳು ಎಡಚಿ, ಮೌಸನ್ನು ಎಡಗೈಗೆ ಎಳೆದುಕೊಂಡಳು. ಮೌಸಿನ ಬಲ ಪಕ್ಕಕ್ಕೆ ಬಂದ ಅವಳ ಹೆಬ್ಬೆರಳು ಆ ಬಟನ್‌ಗಳ ತಂಟೆಗೇ ಹೋಗಲಿಲ್ಲ. ಮೌಸಿನ ಸೆಟ್ಟಿಂಗ್ ತೆರೆಸಿದರು. ಒಂದು ಬಟನ್ ಹಿಂದಿನ ಪುಟಕ್ಕೆ. ಇನ್ನೊಂದಕ್ಕೆ ಯಾರೋ ಒಂದು ಕಮಾಂಡ್ ಜೋಡಿಸಿದ್ದರು: ಆನೆಯ ಸಂದೇಶವನ್ನು ಎಲ್ಲರಿಗೂ ಕಳಿಸು. ಬಲಗೈ ಹೆಬ್ಬೆರಳು ಒಮ್ಮೆ ಒತ್ತಿದರೆ ಮುಗಿಯಿತು.

"ಅಯ್ಯೋ ಶಿವ್ನೆ! ಇಲೀನ ಕೈಲಿ ಹಿಡ್ಕೊಂಡು ಆನೆ ಬುಟ್ಬುಟ್ಟವ್ನಲ್ಲ ಮೇಡಂ!" ಎಂದ ಶಾಂತಮಲ್ಲಪ್ಪ.

ಪಂಚನಾಮೆ ಮಾಡಿ ಮೌಸು, ಕಂಪ್ಯೂಟರ್ ಎರಡನ್ನೂ ವಶಕ್ಕೆ ಪಡೆದರು. ಕರೆಸಿ ಕೇಳಿದಾಗ ರಾಜಶೇಖರ್ ಸುತ್ತಿ ಬಳಸಲಿಲ್ಲ.

"ನಾನೇ ಮೇಡಂ. ಈ ಹುಡ್ಗಿ ತಲೆ ಮೇಲೆ ಬರ್ತದೆ ಅಂತ ಹೊಳೀಲಿಲ್ಲ. ಅವ್ಳನ್ನ ಬುಟ್ಬುಡಿ."

"ಆನೆ ಕಂಡಿತ್ತಾ?"

"ಇಲ್ಲ. ಮಂಜು ಕವ್ಕೊಂಡಿತ್ತು. ಮಂಜಿನ ದಿನ ಮಾತ್ರ ಒತ್ತುತಿದ್ದೆ. ಹೋದ ವರ್ಷ ಹಿಂಗೇ, 'ಆನೆ ಏನೂ ಕಾಣ್ತಿಲ್ಲ, ಇಳೀರಿ' ಅಂದ್ರು ಸಾಹೇಬ್ರು. ನಮ್ಮವ್ವ ಇಳಿದ್ಲು. ಆನೆ ಮಂಜಲ್ಲೇ ನಿಂತಿತ್ತು."

ಪ್ರದೀಪ್ ಕಿಟಕಿಯ ಕಡೆ ತಿರುಗಿದರು. ಧನುಶ್ರೀ ಆ ಮಾತನ್ನೂ ಹೇಳಿಕೆಯಲ್ಲಿ ಬರೆಸಿದರು. ಆದರೂ ಕಾನೂನು ಕಾನೂನೇ. ಮಧ್ಯಾಹ್ನ ಹನ್ನೆರಡೂವರೆಗೆ ಬಂಧನ ದಾಖಲಾಯಿತು. ನೇತ್ರಾವತಿಯ ಕೆಲಸ ಉಳಿಯಿತು.

ಮರುದಿನ ಬೆಳಿಗ್ಗೆ ಸಾಕ್ಷಿಗಳ ಹೇಳಿಕೆಗೆಂದು ಧನುಶ್ರೀ ಮತ್ತೆ ಲೈನಿಗೆ ಹೋದಾಗ, ಹೆಣ್ಣಾಳುಗಳು ಕುಕ್ಕೆ ಹಿಡಿದು ಮೊಬೈಲು ನೋಡುತ್ತ ನಿಂತಿದ್ದರು. ಹತ್ತು ಮಾರಿನ ಆಚೆ ಗಿಡವೇ ಕಾಣದಂಥ ಮಂಜು.

"ಇವತ್ತು ಮೆಸೇಜ್ ಬಂದಿಲ್ಲ ಕಣವ್ವ," ಎಂದಳು ಹಿರಿಯಳಾದ ಮಾದೇವಮ್ಮ. "ಆನೆ ಇಲ್ಲ ತಾನೆ? ಇಳೀಬೋದಾ?"

ಪ್ರದೀಪ್ ಪಕ್ಕದಲ್ಲೇ ಇದ್ದರು. ಧನುಶ್ರೀ ತೋಟದ ಕಡೆ ನೋಡಿದರು.

"ಬೇಡ," ಎಂದರು. "ಮಂಜು ಬಿಡೋವರೆಗೂ ಯಾರೂ ಇಳೀಬೇಡಿ."